ಎಡ ಚಕ್ರದ ಬೋಲ್ಟು

ನಮ್ಮ ಮನೆಗೆ ಕಾರು ಬಂದಾಗ ಅದಕ್ಕೆ ಸಿಕ್ಕಿದ್ದು ಕುರಿಮರಿಗಳ ಕೋಣೆ. ಶಿಕಾರಿಪುರದಿಂದ ಬಂದಳಿಕೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಕೊನೆಯಲ್ಲಿ ಹೆಂಚಿನ ಮನೆ, ಮುಂದೆ ಉದ್ದನೆಯ ಜಗಲಿ, ಜಗಲಿಗೆ ಅಂಟಿಕೊಂಡಂತೆ ಮರಿಗಳನ್ನು ಕೂಡಿಹಾಕುವ ಕೋಣೆ. ಅಪ್ಪ ಆ ಕೋಣೆಯ ಮುಂದಿನ ಗೋಡೆ ಒಡೆಸಿ, ಎರಡು ಮರದ ಕಂಬ ನಿಲ್ಲಿಸಿ, ಶಿಕಾರಿಪುರದ ಜೋಳದ ವ್ಯಾಪಾರಿಯೊಬ್ಬರು ಸಾಕಾಗಿ ಮಾರಿದ ಹಳೆಯ ಕಾರನ್ನು ತಂದು ಅಲ್ಲಿ ನಿಲ್ಲಿಸಿದ. ಮರಿಗಳನ್ನು ಹಿತ್ತಲ ಚಪ್ಪರಕ್ಕೆ ಸಾಗಿಸಿದ್ದಾಯಿತು. ಮರಿಗಳಿಗೆ ಮಾತ್ರ ಈ ಏರ್ಪಾಡು ಒಪ್ಪಿಗೆಯಾಗಲಿಲ್ಲ. ಸಂಜೆಯಾದರೆ ಹೇಗೋ ನುಸುಳಿ ಬಂದು ತಮ್ಮ ಹಳೆಯ ಜಾಗದಲ್ಲಿ, ಅಂದರೆ ಕಾರಿನ ಹೊಟ್ಟೆಯ ಕೆಳಗೆ, ಒತ್ತಾಗಿ ಮಲಗುತ್ತಿದ್ದವು. ಹಾಗಾಗಿ ನಮ್ಮ ಮನೆಯಲ್ಲಿ ಕಾರು ಚಾಲೂ ಮಾಡುವ ಮುಂಚೆ ಯಾರಾದರೂ ನೆಲಕ್ಕೆ ಮುಖ ತಾಗಿಸಿ ಬಗ್ಗಿ ನೋಡಲೇಬೇಕು ಎಂಬ ಕಾನೂನಿತ್ತು. ಕಾರಿಗೆ ಕುರಿಯ ವಾಸನೆ, ಮರಿಗಳಿಗೆ ಪೆಟ್ರೋಲಿನ ವಾಸನೆ. ಬಾಡಿಗೆಗೆ ಕಾರು ಹತ್ತಿದ ಮದುಮಗಳೊಬ್ಬಳು ದಾರಿಯುದ್ದಕ್ಕೂ ಮೂಗಿಗೆ ಸೆರಗು ಹಿಡಿದುಕೊಂಡಿದ್ದಳೆಂದು ಅಪ್ಪ ಬೇಸರ ಪಟ್ಟುಕೊಳ್ಳುವ ಬದಲು ಊರೆಲ್ಲ ಹೇಳಿಕೊಂಡು ನಗುತ್ತಿದ್ದ.

ಅಪ್ಪನಿಗೆ ಮೆಕ್ಯಾನಿಕ್ಕುಗಳ ಮೇಲೆ ನಂಬಿಕೆಯಿರಲಿಲ್ಲ. ಒಂದನ್ನು ಸರಿಮಾಡಿ ಇನ್ನೊಂದನ್ನು ಸಡಿಲ ಬಿಟ್ಟು ಕಳಿಸುತ್ತಾರೆ ಎಂದು ಅವನ ತೀರ್ಮಾನ. ಆದ್ದರಿಂದ ಸಣ್ಣದಿರಲಿ ದೊಡ್ಡದಿರಲಿ, ರಿಪೇರಿ ಮನೆಯಲ್ಲೇ. ಬೋಲ್ಟು ತಿರುಗಿಸುವ ಕೀಲಿಗಳು, ಸುತ್ತಿಗೆ, ಕಬ್ಬಿಣ ಉಜ್ಜುವ ಅರ, ಕೈಯಲ್ಲಿ ತಿರುಗಿಸುವ ಒಂದು ಡ್ರಿಲ್ಲು, ಎಲ್ಲವೂ ಒಂದು ಗೋಣಿಚೀಲದಲ್ಲಿರುತ್ತಿದ್ದವು. ಚೀಲವನ್ನು ಅಂಗಳದಲ್ಲಿ ಸುರಿದ ಸದ್ದು ಕೇಳಿದರೆ ಅವತ್ತು ರಿಪೇರಿಯ ದಿನ ಎಂದು ಅಕ್ಕಪಕ್ಕದವರಿಗೂ ತಿಳಿಯುತ್ತಿತ್ತು. ರಿಪೇರಿಯ ದಿನ ನನಗೆ ಹಬ್ಬದಂತೆ, ಅದಕ್ಕೆ ಕಾರಣ ಊಟ. ಅಪ್ಪನ ಕೈ ಮೊಣಕೈವರೆಗೂ ಕಪ್ಪಾಗಿರುತ್ತಿದ್ದರಿಂದ ಅವ್ವ ತಟ್ಟೆ ಹಿಡಿದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ರೊಟ್ಟಿ ಮುರಿದು ಪಲ್ಯ ಸುತ್ತಿ ಬಾಯಿಗೆ ಇಡುತ್ತಿದ್ದಳು. ಅಪ್ಪ ಬೋಲ್ಟಿನ ಮೇಲಿಂದ ಕಣ್ಣು ತೆಗೆಯದೆ ಬಾಯಿ ಮಾತ್ರ ತೆರೆಯುತ್ತಿದ್ದ. ಅಜ್ಜಿಗೆ ಈ ದೃಶ್ಯ ಸಹಿಸಲು ಕಷ್ಟ. ನಾಚಿಕೆಯೋ ಸಿಟ್ಟೋ, ಆ ಹೊತ್ತಿಗೆ ಸರಿಯಾಗಿ ಅವಳಿಗೆ ಹಿತ್ತಲಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಅಜ್ಜಿ ಎಂದರೆ ಅಪ್ಪನ ತಾಯಿ, ಆ ಮನೆಯ ಯಜಮಾನಿ. ಕುರಿ ಎಣಿಸುವುದು, ಜ್ವರ ಬಂದ ಕುರಿಗೆ ಬರೆ ಹಾಕುವುದು, ಯಾವ ಹೊಲದಲ್ಲಿ ಮಂದೆ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಎಲ್ಲ ಅವಳೇ. ಅವಳಿಗೆ ಭಯವೆಂಬುದೊಂದು ಇದ್ದರೆ ಅದು ಇಂಜಿನ್ನಿನದು. ನಾನು ಹುಟ್ಟುವ ಮೊದಲೇ ನನ್ನ ಅಜ್ಜ ಕುರಿ ತುಂಬಿದ ಲಾರಿಯಲ್ಲಿ ಸಂತೆಗೆ ಹೊರಟವನು ದಾರಿಯಲ್ಲಿ ಲಾರಿ ಮಗುಚಿ ತೀರಿಹೋಗಿದ್ದ. ಅಂದಿನಿಂದ ಅಜ್ಜಿ ಬಸ್ಸಿಲ್ಲ, ಲಾರಿಯಿಲ್ಲ, ಮಗನ ಕಾರೂ ಇಲ್ಲ, ಎಲ್ಲಿಗೆ ಹೋಗಬೇಕಾದರೂ ನಡಿಗೆ, ಇಲ್ಲವೇ ಎತ್ತಿನ ಗಾಡಿ. ದೂರದ ನೆಂಟರ ಮದುವೆಗಳನ್ನು ಅವಳು ಬಿಟ್ಟೇಬಿಟ್ಟಿದ್ದಳು. ತಾನು ಹತ್ತದಿದ್ದರೂ ಹತ್ತಿದವರು ಮರಳಿ ಬರಬೇಕಲ್ಲ. ಅದಕ್ಕೆ ಅವಳದೇ ಒಂದು ವ್ಯವಸ್ಥೆ. ಕಾರು ಹೊರಗೆ ಹೋಗಿ ಬಂದು ಅಂಗಳದಲ್ಲಿ ನಿಂತ ಕೂಡಲೇ ಅರಿಶಿನ ಸುಣ್ಣ ಕಲಸಿದ ಕೆಂಪು ನೀರು ತಂದು, ಕಾರಿಗೆ ಮೂರು ಸುತ್ತು ನಿವಾಳಿಸಿ, ಹೊಸಿಲಿಗೆ ಹತ್ತಿರವಿರುತ್ತಿದ್ದ ಎಡಗಡೆಯ ಮುಂದಿನ ಚಕ್ರದ ಮೇಲೆ ಸುರಿದುಬಿಡುತ್ತಿದ್ದಳು. ಎಲ್ಲರ ಮನೆಯಲ್ಲೂ ದೃಷ್ಟಿ ತೆಗೆಯುತ್ತಾರೆ. ಆದರೆ ನಮ್ಮಜ್ಜಿ ಆ ನೀರಿಗೆ ಒಂದು ಹಿಡಿ ಹರಳುಪ್ಪನ್ನೂ ಸೇರಿಸುತ್ತಿದ್ದಳು. ದೂರದ ಬಾಡಿಗೆಯಾದರೆ ಎರಡು ಹಿಡಿ.

ಅವ್ವ ಸೊರಬದ ಕಡೆಯವಳು. ಕ್ಯಾಸನೂರಿನ ಹತ್ತಿರ, ಕಾಡಿನ ಅಂಚಿನ ಒಂದು ಹಳ್ಳಿ ಅವಳ ತವರು. ಅವಳ ತಾಯಿಯನ್ನು ನಾನು ಸೊರಬದಜ್ಜಿ ಎಂದು ಕರೆಯುತ್ತಿದ್ದೆ. ಇಬ್ಬರು ಅಜ್ಜಿಯರಿಗೂ ಮಾತಿರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ನನ್ನ ನಾಮಕರಣದ ದಿನ ಅಜ್ಜಿ ತನ್ನ ಕೈಯಾರೆ ನೂತ ಉಣ್ಣೆಯ ಕಂಬಳಿಯನ್ನು ತೊಟ್ಟಿಲಿಗೆ ಹಾಸಿದಳಂತೆ. ಎಳೆಯ ಮೈಗೆ ಚುಚ್ಚುತ್ತದೆ ಎಂದು ಸೊರಬದಜ್ಜಿ ಅದನ್ನು ತೆಗೆದು ಹಳೇ ಸೀರೆ ಹಾಸಿದಳಂತೆ. ಅಷ್ಟೇ. ಕಂಬಳಿಯನ್ನು ತೆಗೆದವಳು ನನ್ನ ವಂಶವನ್ನೇ ತೆಗೆದಂತೆ ಎಂದು ಅಜ್ಜಿ ಮುಖ ತಿರುಗಿಸಿದವಳು ತಿರುಗಿಸಿಯೇ ಇದ್ದಳು. ಸೊರಬದಜ್ಜಿಯೂ ಕಡಿಮೆಯವಳಲ್ಲ. ಬಂದರೆ ಬೆಳಿಗ್ಗೆ ಬಂದು, ಮಧ್ಯಾಹ್ನ ಉಂಡು, ಸಂಜೆಯ ಬಸ್ಸಿಗೆ ಹೊರಟುಬಿಡುವಳು. ಮಗಳ ಮನೆಯಲ್ಲಿ ಹಾಸಿಗೆ ಹಾಸಬಾರದು ಎಂಬುದು ಅವಳ ಕಡೆಯ ಕಟ್ಟು. ಒಂದು ರಾತ್ರಿ ಇರು ಎಂದು ಅವ್ವ ಎಷ್ಟೋ ಸಲ ಬೇಡಿಕೊಂಡದ್ದಿದೆ. ಅವಳು ನನ್ನ ಕೆನ್ನೆ ಸವರಿ, ಅವ್ವನ ಕೈಯಲ್ಲಿ ಎಲೆಯಲ್ಲಿ ಸುತ್ತಿದ ಜೇನುಮೇಣದ ಉಂಡೆಯಿಟ್ಟು ಹೊರಡುವಳು. ಅವ್ವ ಹಣೆಗೆ ಮೊದಲು ಆ ಮೇಣ ಒತ್ತಿ ಅದರ ಮೇಲೆ ಕುಂಕುಮ ಇಡುತ್ತಿದ್ದಳು. ಪೇಟೆಯಲ್ಲಿ ಅಂಟಿಸುವ ಬೊಟ್ಟು ಸಿಗುತ್ತಿದ್ದರೂ ಅವಳಿಗೆ ತಾಯಿ ಕೊಟ್ಟ ಮೇಣವೇ ಆಗಬೇಕು.

ಒಂದು ಬೇಸಿಗೆಯಲ್ಲಿ ಸೊರಬದಜ್ಜಿಗೆ ಜ್ವರ ಹಿಡಿಯಿತು. ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗಿದ್ದಳು, ಉಣ್ಣೆ ಹುಳ ಕಚ್ಚಿತ್ತು. ಆ ಕಡೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಮಂಗನ ಕಾಯಿಲೆ. ಸೊರಬದ ಆಸ್ಪತ್ರೆಯಲ್ಲಿ ಮಲಗಿಸಿದರು, ಜ್ವರ ಇಳಿಯಿತು. ಒಂದು ಸಂಜೆ ಪಕ್ಕದ ಮನೆಗೆ ನನ್ನ ಸೋದರಮಾವನ ಫೋನು ಬಂತು. ನಾಳೆ ಮನೆಗೆ ಕಳಿಸುತ್ತಾರೆ, ಆದರೆ ಈ ಕಾಯಿಲೆ ಒಮ್ಮೆ ಬಿಟ್ಟಂತೆ ಮಾಡಿ ಮತ್ತೆ ಮರಳುವುದುಂಟು, ಹಾಗೆ ಮರಳಿದರೆ ತಲೆಗೆ ಏರುತ್ತದೆ, ತಡಮಾಡದೆ ಡಾಕ್ಟರ ಹತ್ತಿರ ಒಯ್ಯುವಂತಿರಬೇಕು ಎಂದಿದ್ದಾರೆ ಎಂದು ಮಾವ ಹೇಳಿದ. ಅವನ ಹಳ್ಳಿಗೆ ಬಸ್ಸು ಬರುವುದೇ ಅಪರೂಪ. ಹೆಂಡತಿ ಆಗಷ್ಟೇ ಹೆತ್ತು ಒಳಗೆ ಮಲಗಿದ್ದಳು. ನಮ್ಮೂರಿಂದಾದರೆ ಶಿಕಾರಿಪುರದ ಆಸ್ಪತ್ರೆ ಹತ್ತಿರ, ಮೇಲಾಗಿ ಮನೆಯಲ್ಲೇ ಕಾರು. ಅಕ್ಕ, ನೀನು ಕರೆದುಕೊಂಡು ಹೋಗು ಎಂದ. ಆದರೆ ನಮ್ಮವ್ವ ಒಪ್ಪುತ್ತಿಲ್ಲ, ಸತ್ತರೂ ಮಗಳ ಮನೆಯಲ್ಲಿ ಮಲಗಲ್ಲ ಅಂತಾಳೆ ಎಂದೂ ಸೇರಿಸಿದ. ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರೆ ಒಪ್ಪದೆ ಏನು ಮಾಡುತ್ತಾಳೆ ಎಂದು ಅವ್ವ ಧೈರ್ಯ ತಂದುಕೊಂಡಳು. ಅಪ್ಪ ತಕ್ಷಣ ಹೂಂ ಅಂದ. ಅಜ್ಜಿ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೀಗರನ್ನು ಹೊತ್ತು ತಂದು ಮಲಗಿಸಿಕೊಂಡರೆ ಊರವರು ಏನನ್ನುತ್ತಾರೋ ಎಂದಷ್ಟೇ ಒಲೆಗೆ ಹೇಳಿದಳು. ಅವ್ವ ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ಎದ್ದು ನೋಡಿದರೆ ಎಡಗಡೆಯ ಮುಂದಿನ ಟೈರು ಗಾಳಿ ಬಿಟ್ಟು ಕೂತಿತ್ತು. ಅದೇನು ದೊಡ್ಡ ವಿಷಯವಲ್ಲ, ಹಿಂದೆ ಡಿಕ್ಕಿಯಲ್ಲಿ ಹೆಚ್ಚುವರಿ ಚಕ್ರವಿತ್ತು. ಅಪ್ಪ ಜಾಕ್ ಕೊಟ್ಟು ಕಾರು ಎತ್ತುವ ಮೊದಲು ಬೋಲ್ಟುಗಳನ್ನು ಸಡಿಲಿಸಲು ಕೂತ. ನಮ್ಮ ಕಾರಿನ ಚಕ್ರಕ್ಕೆ ನಾಲ್ಕು ಬೋಲ್ಟು. ಆ ಚಕ್ರದಲ್ಲಿ ಒಂದು ಹಿಂದೆಯೇ ಎಲ್ಲೋ ಕಳಚಿ ಬಿದ್ದು, ಅದರ ತೂತಿನ ಮರೆ, ಅಂದರೆ ಒಳಸುತ್ತಿನ ಗೆರೆಗಳು, ಹಾಳಾಗಿ ಹೊಸದು ಕೂರದೆ, ಮೂರರ ಮೇಲೆಯೇ ಓಡುತ್ತಿತ್ತು. ಎರಡು ಬೋಲ್ಟು ಕಿರುಗುಟ್ಟುತ್ತ ಬಂದವು. ಮೂರನೆಯದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಪ್ಪ ಕೀಲಿಯ ಹಿಡಿಗೆ ಕೊಳವೆ ಸಿಕ್ಕಿಸಿ ಮೈಭಾರ ಹಾಕಿದ. ಫಟ್ ಎಂದು ಸದ್ದಾಯಿತು, ಬೋಲ್ಟಿನ ತಲೆ ಕೀಲಿಯೊಳಗೇ ಉಳಿದು ಕೈಗೆ ಬಂತು. ದೇಹ ಒಳಗೇ ಉಳಿಯಿತು. ಇನ್ನುಳಿದ ಎರಡೇ ಬೋಲ್ಟಿನ ಮೇಲೆ ಚಕ್ರ ನಿಲ್ಲಿಸಿಕೊಂಡು ಸೊರಬಕ್ಕೆ ಹೋಗಿ ರೋಗಿಯನ್ನು ಕರೆತರುವ ಮಾತೇ ಇರಲಿಲ್ಲ. ಬೇರೆ ಬೋಲ್ಟು ಮನೆಯಲ್ಲಿತ್ತು, ಆದರೆ ಒಳಗೆ ಮುರಿದದ್ದು ಹೊರಗೆ ಬರದೆ ಅದನ್ನು ಹಾಕುವುದೆಲ್ಲಿ? ಅಮಾವಾಸ್ಯೆಯೆಂದು ಶಿಕಾರಿಪುರದ ಗ್ಯಾರೇಜುಗಳೆಲ್ಲ ಪೂಜೆ ಮಾಡಿ ಬಾಗಿಲು ಹಾಕಿರುತ್ತಿದ್ದವು. ಊರಿನ ಇನ್ನೊಂದೇ ವಾಹನವಾದ ಜೀಪು ಮದುವೆಯ ದಿಬ್ಬಣಕ್ಕೆ ಹೋಗಿತ್ತು. ಸೊರಬದಲ್ಲಿ ಮಾವ ದಾರಿ ಕಾಯುತ್ತಿದ್ದ. ಸಂಜೆಯವರೆಗೆ ನಾವು ಬಾರದಿದ್ದರೆ ತಾಯಿಯನ್ನು ಹಳ್ಳಿಗೇ ಕರೆದೊಯ್ಯುವೆನೆಂದು ಅವನು ಹೇಳಿಯಾಗಿತ್ತು.

ಅಪ್ಪ ಚಕ್ರ ಕಳಚಿದ. ಮುರಿದ ಬೋಲ್ಟಿನ ತುಂಡು ಬೆರಳಗಲ ಹೊರಗೆ ಚಾಚಿಕೊಂಡಿತ್ತು. ಅದರ ಸುತ್ತ ತುಕ್ಕು, ತುಕ್ಕಿನ ಮೇಲೆ ಬಿಳಿಯ ಗಾರೆಯಂಥ ಪದರ, ಪದರದಲ್ಲಿ ಅಲ್ಲಲ್ಲಿ ಅರಿಶಿನದ ಹಳದಿ. ಅಪ್ಪ ಉಗುರಿನಿಂದ ಕೆರೆದು ನೋಡಿದ. ಆಮೇಲೆ ಎದ್ದು ಹೋಗಿ ಬಲಗಡೆಯ ಚಕ್ರದ ಬೋಲ್ಟುಗಳನ್ನು ನೋಡಿಬಂದ. ಅವು ಎಣ್ಣೆ ಕುಡಿದಂತೆ ಹೊಳೆಯುತ್ತಿದ್ದವು. ಅವನಿಗೆ ವಿಷಯ ಅರ್ಥವಾಗಿತ್ತು, ಜಾಣನಾದ್ದರಿಂದ ಬಾಯಿ ಬಿಡಲಿಲ್ಲ. ಆದರೆ ಸೀಮೆಎಣ್ಣೆಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ ಅವ್ವನಿಗೂ ಕಣ್ಣಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಅವ್ವ ಆ ಮನೆಗೆ ಬಂದಮೇಲೆ ಅಜ್ಜಿಯ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅವತ್ತೇ.

"ಆ ಚಕ್ರದ್ದೆಲ್ಲ ಚೆನ್ನಾಗವೆ, ಇದೊಂದೇ ಯಾಕೆ ಹಿಂಗಾಯ್ತು ಅಂತ ನೋಡಿದ್ರಲ್ಲ. ಅತ್ತೆ ಸುರಿದ ಉಪ್ಪುನೀರು. ನಮ್ಮವ್ವ ಈ ಮನೆಗೆ ಬರೋದು ಇವ್ರಿಗೆ ಬೇಕಾಗೇ ಇರ್ಲಿಲ್ಲ, ಈಗ ಸಮಾಧಾನ ಆಗಿರ್ಬೇಕು."

ಅಪ್ಪ ಸುಮ್ಮನಿರು ಗಿರಿಜಾ ಎಂದ. ಅಜ್ಜಿ ಕೈಯಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿ ಎದ್ದು ಒಳಗೆ ಹೋದಳು. ಅವಳ ಮುನಿಸು ನಮಗೆಲ್ಲ ಗೊತ್ತಿತ್ತು. ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತರೆ ಎದ್ದೇಳುತ್ತಿರಲಿಲ್ಲ, ಅವಳು ಉಣ್ಣುವವರೆಗೆ ಯಾರಿಗೂ ಊಟವಿಲ್ಲ. ತಾಯಿ ಹೆಂಡತಿಯರ ನಡುವೆ ಸಿಕ್ಕಿಕೊಂಡ ಅಪ್ಪನಿಗೆ ಸಿಟ್ಟು ತೀರಿಸಿಕೊಳ್ಳಲು ಆ ಬೋಲ್ಟೊಂದೇ ಉಳಿದಿತ್ತು. ಸೀಮೆಎಣ್ಣೆ ಇಳಿಯಲೂ ಬಿಡದೆ, ನಲ್ಲಿ ಕೊಳವೆ ಹಿಡಿಯುವ ದೊಡ್ಡ ಇಕ್ಕಳವನ್ನು ಆ ತುಂಡಿಗೆ ಕಚ್ಚಿಸಿ, ಹಲ್ಲು ಕಚ್ಚಿ ಎಳೆದ. ಹೊರಗೆ ಚಾಚಿಕೊಂಡಿದ್ದ ಬೆರಳಗಲದ ತುಂಡೂ ಮುರಿದು ಅಂಗಳಕ್ಕೆ ಹಾರಿತು. ಈಗ ಹಿಡಿಯಲು ಏನೂ ಇರಲಿಲ್ಲ. ಬೋಲ್ಟು ತೂತಿನ ಬಾಯಿಯ ಮಟ್ಟಕ್ಕೆ ಒಳಗಿತ್ತು. ಅಪ್ಪ ಇಕ್ಕಳ ಕೆಳಗಿಟ್ಟು ಟೈರಿನ ಮೇಲೆ ಕೂತುಬಿಟ್ಟ. ಅವ್ವ ಕಂಬಕ್ಕೆ ಒರಗಿ ನಿಂತಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಾಯಿ ಕಾಡಂಚಿನ ಮನೆಗೆ ಮರಳಿ ಹೋಗಿ, ಮತ್ತೆ ಜ್ವರ ಏರಿ, ಬಸ್ಸಿಲ್ಲದ ಹೊತ್ತಿನಲ್ಲಿ ಸಾಯುವುದು ಅವಳ ಕಣ್ಣಿಗೆ ಕಟ್ಟಿರಬೇಕು. ನನಗೂ ಅಳು ಬಂತು, ಯಾಕೆಂದು ಸರಿಯಾಗಿ ತಿಳಿಯದೆ.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಮತ್ತೆ ಎದ್ದ. ಆಮೇಲಿನ ಅವನನ್ನು ನಾನು ಮರೆಯಲಾರೆ. ಸಿಟ್ಟೆಲ್ಲ ಇಳಿದಿತ್ತು. ಬೋಲ್ಟಿನ ಮುಖವನ್ನು ಅರದಿಂದ ಉಜ್ಜಿ ಮಟ್ಟ ಮಾಡಿದ. ಸರಿಯಾಗಿ ನಟ್ಟನಡುವೆ ಒಂದು ಚುಕ್ಕೆ ಹೊಡೆದ. ಓರೆಯಾದರೆ ಡ್ರಿಲ್ಲು ಪಕ್ಕಕ್ಕೆ ಜಾರಿ ಮರೆಯನ್ನೇ ತಿಂದುಹಾಕುತ್ತದೆ, ಆಗ ಈ ತೂತೂ ಆ ಹಳೆಯ ತೂತಿನಂತೆ ಕೆಲಸಕ್ಕೆ ಬಾರದೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಕೈ ಡ್ರಿಲ್ಲನ್ನು ಎದೆಗೆ ಆನಿಸಿಕೊಂಡು ತಿರುಗಿಸತೊಡಗಿದ. ಬೋಲ್ಟು ಗಟ್ಟಿ, ಡ್ರಿಲ್ಲು ಮೊಂಡು. ಕೂದಲೆಳೆಯಂಥ ಕಬ್ಬಿಣದ ಚೂರುಗಳು ಒಂದೊಂದಾಗಿ ಸುರುಳಿ ಬಿಚ್ಚುತ್ತ ಬೀಳುತ್ತಿದ್ದವು. ಅವ್ವ ಕಣ್ಣೊರೆಸಿಕೊಂಡು ಬಂದು ತೂತಿಗೆ ಹನಿಹನಿ ಎಣ್ಣೆ ಬಿಡುತ್ತ ಕೂತಳು. ಬಿಸಿಲು ನೆತ್ತಿಗೆ ಬಂತು. ತೂತು ಕಿರುಬೆರಳಿನ ಅರ್ಧದಷ್ಟು ಆಳವಾದ ಮೇಲೆ ಅಪ್ಪ ಒಂದು ಹಳೆಯ ಅರದ ಹಿಡಿ ಕಿತ್ತ. ಅರದ ಬಾಲ ಚೌಕಾಕಾರ, ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಅದನ್ನು ತೂತಿಗೆ ಇಟ್ಟು ಸುತ್ತಿಗೆಯಿಂದ ಬಡಿದರೆ ಅದರ ಮೂಲೆಗಳು ಒಳಗಿನಿಂದ ಬೋಲ್ಟನ್ನು ಕಚ್ಚಿ ಹಿಡಿಯುತ್ತವೆ. ಆಮೇಲೆ ಅರವನ್ನು ಇಕ್ಕಳದಿಂದ ಎಡಕ್ಕೆ ತಿರುಗಿಸಿದರೆ ಬೋಲ್ಟು ಅದರ ಜೊತೆ ತಿರುಗಿ ಬರಬೇಕು. ಬರಲಿಲ್ಲ. ಹೆಚ್ಚು ಒತ್ತಿದರೆ ಅರವೂ ಒಳಗೆ ಮುರಿಯುತ್ತದೆ, ಅದು ಮುರಿದರೆ ಕಥೆ ಮುಗಿದಂತೆ. ಅಪ್ಪ ಕೈ ಬಿಟ್ಟ. ಕಾಯಿಸಬೇಕು ಎಂದ. ಸುತ್ತಲಿನ ಕಬ್ಬಿಣ ಚೆನ್ನಾಗಿ ಕಾದು ಹಿಗ್ಗಿದರೆ ಬೋಲ್ಟು ಹಿಡಿತ ಬಿಟ್ಟೀತು, ಆದರೆ ಸ್ಟವ್ವನ್ನು ಹೀಗೆ ಅಡ್ಡ ಹಿಡಿಯಲು ಬರುವುದಿಲ್ಲ, ಗ್ಯಾಸಿನ ಬೆಂಕಿ ತರೋಣವೆಂದರೆ ಗ್ಯಾರೇಜು ಮುಚ್ಚಿದೆ.

ಹಾಗೆಂದು ತುಸು ಹೊತ್ತಾಗಿರಬೇಕು, ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಕುರಿಗಳಿಗೆ ಬರೆ ಹಾಕುವ ಕಬ್ಬಿಣದ ಸಲಾಕೆ, ಅದರ ತುದಿ ದಾಸವಾಳದ ಹೂವಿನಂತೆ ಕೆಂಪಾಗಿತ್ತು. ಮುನಿಸಿಕೊಂಡು ಒಲೆ ಮುಂದೆ ಕೂತಿದ್ದಾಳೆಂದು ನಾವು ತಿಳಿದಿದ್ದೆವು. ಅವಳು ಅಲ್ಲಿ ಕೂತು ನಮ್ಮ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತ ಸಲಾಕೆಗಳನ್ನು ಕೆಂಡದೊಳಗೆ ಹೂತಿಟ್ಟಿದ್ದಳು.

"ಸರೀರಿ. ಎಲ್ಲಿ ಇಡ್ಬೇಕು ತೋರ್ಸು ಮಾಲತೇಶಿ. ಬರೆ ಹಾಕಾಕೆ ನಿನಗಿಂತ ಚೆನ್ನಾಗಿ ನಂಗೆ ಬರ್ತೈತೆ."

ಅಪ್ಪ ಬೋಲ್ಟಿನ ಸುತ್ತ ಬೆರಳಾಡಿಸಿ ತೋರಿಸಿದ. ಅಜ್ಜಿ ಅಲ್ಲಿ ಸಲಾಕೆಯ ತುದಿಯನ್ನು ಒತ್ತಿ ಹಿಡಿದಳು. ಎಣ್ಣೆ ಸುಟ್ಟು ಹೊಗೆ ಎದ್ದಿತು. ಒಂದು ಆರಿದರೆ ನಾನು ಒಳಗಿನಿಂದ ಇನ್ನೊಂದನ್ನು ತರಬೇಕು, ಆರಿದ್ದನ್ನು ಒಲೆಗೆ ಇಡಬೇಕು. ಅವ್ವ ಒದ್ದೆ ಗೋಣಿಯನ್ನು ರಬ್ಬರಿನ ಭಾಗಗಳಿಗೆ ಒತ್ತಿ ಹಿಡಿದಿದ್ದಳು. ಅತ್ತೆ ಸೊಸೆಯರ ಮುಖಗಳು ಆ ಚಕ್ರದ ಜಾಗದಲ್ಲಿ ಎಂದೂ ಬಾರದಷ್ಟು ಹತ್ತಿರ ಬಂದಿದ್ದವು. ಇಬ್ಬರೂ ಬೆವರುತ್ತಿದ್ದರು. ಅಜ್ಜಿ ಸಲಾಕೆಯ ಮೇಲಿಂದ ಕಣ್ಣೆತ್ತದೆ, ಗಟ್ಟಿಯಾಗಿಯೂ ಅಲ್ಲ ಮೆಲ್ಲಗೆಯೂ ಅಲ್ಲ, ಹೇಳಿದಳು.

"ನಾ ನೀರು ಹಾಕ್ತಿದ್ದಿದ್ದು ಹೋದೋರು ತಿರುಗಿ ಬರ್ಲಿ ಅಂತ ಗಿರಿಜಾ. ಬರೋರು ಬರಬಾರ್ದು ಅಂತ ಅಲ್ಲ."

ಅಪ್ಪ ಈಗ ಸ್ವಲ್ಪ ಮೇಣ ಸಿಕ್ಕಿದ್ದರೆ ಎಂದ. ಕಾದ ಕಬ್ಬಿಣಕ್ಕೆ ಮೇಣ ತಾಗಿಸಿದರೆ ಅದು ಕರಗಿ, ಎಣ್ಣೆ ಇಳಿಯದ ಸಂದಿಗೂ ಇಳಿಯುತ್ತದೆಂದು ಎಲ್ಲೋ ಕೇಳಿದ್ದನಂತೆ. ಮನೆಯಲ್ಲಿ ಮೇಣದಬತ್ತಿ ಇರಲಿಲ್ಲ. ಅವ್ವ ಎದ್ದು ಒಳಗೆ ಹೋಗಿ ಕುಂಕುಮದ ಕರಡಿಗೆಯಿಂದ ಜೇನುಮೇಣದ ಉಂಡೆ ತಂದಳು. ಅವಳ ತಾಯಿ ಹಿಂದಿನ ಸಲ ಕೊಟ್ಟುಹೋದದ್ದು, ಮುಕ್ಕಾಲು ಪಾಲು ಹಾಗೇ ಇತ್ತು. ಅಜ್ಜಿ ಸಲಾಕೆಯನ್ನು ತುಸು ಸರಿಸಿ ಜಾಗ ಕೊಟ್ಟಳು. ಅವ್ವ ಉಂಡೆಯನ್ನು ಬೋಲ್ಟಿನ ಅಂಚಿಗೆ ತಾಗಿಸಿದಳು. ಜೇನಿನ ವಾಸನೆ ಗಮ್ಮೆಂದಿತು. ಮೇಣ ಕರಗಿ ಅಂಚಿನ ಸುತ್ತ ಒಂದು ಕ್ಷಣ ನಿಂತು, ಯಾರೋ ಒಳಗಿನಿಂದ ಹೀರಿಕೊಂಡ ಹಾಗೆ ಮಾಯವಾಯಿತು. ಮತ್ತೆ ಕಾಯಿಸಿ, ಮತ್ತೆ ಮೇಣ ಕೊಟ್ಟು, ಆರಲು ಬಿಟ್ಟರು. ಅಪ್ಪ ಅರವನ್ನು ಇಕ್ಕಳದಲ್ಲಿ ಹಿಡಿದು ಮೊದಲು ಬಿಗಿಮಾಡುವ ಕಡೆಗೇ ತುಸು ಒತ್ತಿದ. ಅದಕ್ಕೆ ಎದುರು ಬಿದ್ದರೆ ಬಿಡುವುದಿಲ್ಲ, ಅದು ಹೋಗುವ ಕಡೆ ಒಂದಿಷ್ಟು ಹೋಗಿ ಆಮೇಲೆ ಕರೆಯಬೇಕು ಎಂದ. ನಂತರ ಎಡಕ್ಕೆ ಎಳೆದ. ಬೋಲ್ಟು ಕರ್‍ರ್ ಎಂದು ಒಂದು ಕೂದಲೆಳೆ ಅಲುಗಿತು. ಹಿಂದಕ್ಕೆ, ಮುಂದಕ್ಕೆ, ಇನ್ನಷ್ಟು ಮೇಣ, ಹಿಂದಕ್ಕೆ. ಕೊನೆಗೆ ಅದು ತಾನಾಗಿಯೇ ಬರುವಂತೆ ಸುತ್ತುತ್ತ ಹೊರಬಂದು ಅಪ್ಪನ ಅಂಗೈಗೆ ಬಿತ್ತು. ಕೈ ಸುಟ್ಟು ಅವನು ಅದನ್ನು ಅಂಗಳಕ್ಕೆ ಎಸೆದ, ನಾವೆಲ್ಲ ನಕ್ಕೆವು. ಅವ್ವನೂ ನಕ್ಕಳು. ಅಂದು ಅಪ್ಪನ ಕೈ ಕಪ್ಪಾಗಿತ್ತು, ಅವ್ವನ ಕೈ ಮೇಣವಾಗಿತ್ತು. ಉಳಿದಿದ್ದು ಅಜ್ಜಿಯ ಕೈ. ಅವಳೇ ರೊಟ್ಟಿ ತಂದು ಇಬ್ಬರ ಬಾಯಿಗೂ ಒಂದೊಂದು ತುತ್ತು ಇಟ್ಟಳು, ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡು.

ಹೊಸ ಬೋಲ್ಟು ಹಾಕಿ ಚಕ್ರ ಕೂರಿಸುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ಅವ್ವ ಸೀರೆ ಬದಲಿಸಿ ಬಂದಳು. ಮುಖದಲ್ಲಿ ಗೆಲುವಿರಲಿಲ್ಲ. ಬೋಲ್ಟು ಬಂತು, ನಮ್ಮವ್ವ ಬರುತ್ತಾಳೋ ಇಲ್ಲವೋ ಎಂದು ಅಪ್ಪನಿಗೆ ಹೇಳಿದಳು. ಆಗ ಅಜ್ಜಿ ಕಾಲು ತೊಳೆದು, ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ ಉಟ್ಟು ಅಂಗಳಕ್ಕೆ ಬಂದು, ಕಾರಿನ ಹಿಂದಿನ ಬಾಗಿಲ ಮುಂದೆ ನಿಂತಳು. ಬಾಗಿಲು ಹೇಗೆ ತೆಗೆಯುವುದೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಬೆರಗಾಗಿ ನೋಡಿದ. ನೀನೂ ಬರ್ತೀಯೇನವ್ವ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲವೇನೋ, ಸುಮ್ಮನೆ ಬಾಗಿಲು ತೆರೆದ. ಪಕ್ಕದ ಮನೆಯವರಿಗೆ ಕುರಿ ನೋಡಲು ಹೇಳಿ, ನನ್ನನ್ನೂ ಹತ್ತಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕೈ ಮುಂದಿನ ಸೀಟಿನ ಅಂಚನ್ನು ಹಿಡಿದಿತ್ತು, ಇನ್ನೊಂದು ಅವ್ವನ ಮಣಿಕಟ್ಟನ್ನು. ಎದುರಿನಿಂದ ಲಾರಿ ಬಂದಾಗಲೆಲ್ಲ ಅವ್ವನ ಬಳೆಗಳು ನುರಿದುಹೋಗುವಂತೆ ಅಮುಕುತ್ತಿದ್ದಳು. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ. ಸೊರಬ ತಲುಪಿ ಇಳಿದ ಅಜ್ಜಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಸುಧಾರಿಸಿಕೊಂಡು ಒಳಗೆ ಬಂದಳು.

ಸೊರಬದಜ್ಜಿ ಮಂಚದ ಮೇಲೆ ಗುಬ್ಬಚ್ಚಿಯಂತಾಗಿದ್ದಳು. ಗಂಟು ಕಟ್ಟಿ ಕಾಲ ಬಳಿ ಇಟ್ಟಿತ್ತು. ಮಾವ ಹಳ್ಳಿಗೆ ಹೊರಡುವ ಸಿದ್ಧತೆಯ ಗಂಟದು. ಅವ್ವ ಬಾಯಿ ತೆರೆಯುವ ಮುಂಚೆಯೇ ಅವಳು ಕೈಯಲ್ಲಾಡಿಸಿದಳು.

"ಬೇಡ ಮಗಾ. ಮಗಳ ಮನೇಲಿ ಹಾಸಿಗೆ ಹಿಡಿದು ಮಲಗೋದು ನಮ್ಮಲ್ಲಿ ಇಲ್ಲ. ನಿಂಗೇ ಮಾತು ಬತ್ತದೆ."

ಅವ್ವ ಅಳತೊಡಗಿದಳು. ಆಗ ಅಜ್ಜಿ ಮುಂದೆ ಬಂದು ಮಂಚದ ಪಕ್ಕ ನಿಂತಳು. ನನ್ನ ನಾಮಕರಣದ ದಿನದಿಂದ ಆ ಇಬ್ಬರು ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡಿರಲಿಲ್ಲ.

"ಮಗಳ ಮನೀಗೆ ಕರಿಯಾಕೆ ಬಂದಿಲ್ರೀ ಬೀಗ್ತಿ. ಆ ಮನಿ ಇನ್ನೂ ನಂದೈತೆ, ನಿಮ್ಮ ಮಗಳದ್ದಾಗಿಲ್ಲ. ನನ್ನ ಮನೀಗೆ ಬರ್ರಿ ಅಂತ ಕರಿಯಾಕೆ ಬಂದೀನಿ."

ಸೊರಬದಜ್ಜಿ ಅವಳನ್ನೇ ಬಹಳ ಹೊತ್ತು ನೋಡಿದಳು. ಅಜ್ಜಿಯ ಮುಖ ಇನ್ನೂ ಬೆವತಿತ್ತು. ಅವಳು ಇಂಜಿನ್ನಿನ ಗಾಡಿ ಹತ್ತದವಳೆಂದು ಬೀಗರಿಗೆಲ್ಲ ಗೊತ್ತಿತ್ತು. ಆಮೇಲೆ ಸೊರಬದಜ್ಜಿ ಅವ್ವನ ಕಡೆ ತಿರುಗಿ ಕೇಳಿದಳು.

"ಇವ್ರು ಕಾರಲ್ಲಿ ಬಂದ್ರಾ?"

ಅವ್ವ ತಲೆಯಾಡಿಸಿದಳು.

"ಹಂಗಾರೆ ನಾನೂ ಬತ್ತೀನಿ. ಒಸಿ ಕೈ ಕೊಡಿ ಬೀಗ್ತಿ, ಎದ್ದು ಕೂರ್ತೀನಿ."

ಕೈ ಚಾಚಿದ್ದು ಮಗಳ ಕಡೆಗಲ್ಲ, ಮಗನ ಕಡೆಗೂ ಅಲ್ಲ. ಅಜ್ಜಿ ಎರಡೂ ಕೈಯಿಂದ ಅವಳನ್ನು ಎಬ್ಬಿಸಿದಳು.

ಡಾಕ್ಟರು ಹೇಳಿದಂತೆಯೇ ಜ್ವರ ಮರಳಿ ಬಂತು. ಒಂದು ಬೆಳಗಿನ ಜಾವ ಸೊರಬದಜ್ಜಿ ಏನೇನೋ ಬಡಬಡಿಸತೊಡಗಿದಾಗ ಅಪ್ಪ ಅವಳನ್ನು ಹೊತ್ತು ಕಾರಿಗೆ ಹಾಕಿಕೊಂಡು ಶಿಕಾರಿಪುರಕ್ಕೆ ಓಡಿಸಿದ. ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ಅಲ್ಲಿಯವರು ಹೇಳಿದರು. ಅವಳು ಉಳಿದಳು. ನಮ್ಮ ಮನೆಯ ನಡುಮನೆಯಲ್ಲಿ, ಅಜ್ಜಿಯ ಹಾಸಿಗೆಯ ಪಕ್ಕದಲ್ಲೇ ಅವಳ ಹಾಸಿಗೆ. ಗಂಜಿ ಕುಡಿಸುವುದು, ತಲೆ ಬಾಚುವುದು ಅಜ್ಜಿಯೇ. ಅವ್ವ ಮಾಡಲು ಹೋದರೆ ನೀನ್ಯಾಕೆ, ಅವ್ರು ನನ್ನ ನೆಂಟ್ರು ಎಂದು ಗದರುತ್ತಿದ್ದಳು. ಮಧ್ಯಾಹ್ನವಿಡೀ ಇಬ್ಬರೂ ಯಾರ ಕಡೆಯ ಮದುವೆಯಲ್ಲಿ ಏನು ತಪ್ಪಾಯಿತೆಂದು ಮಾತಾಡುತ್ತ ಕಿಸಿಕಿಸಿ ನಗುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದದ್ದು ನನ್ನ ಪುಣ್ಯ. ಯಾರ ಮನಸ್ಸಾದರೂ ಬಿಗಿದುಕೊಂಡಾಗ ಜೋರು ಮಾಡಿ ಎಳೆಯಲು ನನಗೆ ಇವತ್ತಿಗೂ ಕೈ ಬರುವುದಿಲ್ಲ. ಆ ಗುಣವನ್ನು ನನಗೆ ಕೊಟ್ಟವರು ಆ ಅಂಗಳದ ಮೂವರು, ಅವರ ಋಣ ತೀರುವಂಥದ್ದಲ್ಲ.

ಮಳೆ ಹಿಡಿಯುವ ಹೊತ್ತಿಗೆ ಸೊರಬದಜ್ಜಿ ತನ್ನ ಕಾಲ ಮೇಲೆ ನಡೆದು ಹೋಗುವಂತಾದಳು. ಕಾರು ಬೇಡ, ಗಟ್ಟಿಯಾಗಿದ್ದೀನಿ ಎಂದು ಬಸ್ಸಿಗೇ ಹೊರಟಳು. ಊರ ಬಾಗಿಲಿನವರೆಗೆ ಎಲ್ಲರೂ ಹೋಗಿ ಹತ್ತಿಸಿ ಬಂದೆವು. ಬಸ್ಸು ತಿರುವು ದಾಟಿದ ಮೇಲೆ ಅಜ್ಜಿ ದಾರಿಯ ಬದಿಯ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗಿಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದವಳು ಅವ್ವ.